ಬಾಡುವ ಹೂವಿಗೆ ಹತೋಟಿ ಮದ್ದು

ಪುಷ್ಪವಿಲ್ಲದ ಪೂಜೆಯಾಗಲಿ, ಮಾಲೆಯಿಲ್ಲದ ಮಂಗಲಕಾರ್ಯವಾಗಲಿ ನಮ್ಮ ನಾಡಿನಲ್ಲಿ ಕಾಣಸಿಗುವುದು ದುರ್ಲಭ. ಆದರೆ ನಾವು ಮಾರು ಅಳೆಸಿ ಕೊಂಡುಕೊಳ್ಳುವ ಸೇವಂತಿಗೆಯ ಹಿಂದೆ ಎಷ್ಟು ಕೊಡ ನೀರು ಹರಿದಿದೆಯೆಂಬುದನ್ನು ಎಣಿಸುವ ಗೋಜಿಗೆ ಹೋಗುವುದಿಲ್ಲ. 2023ರ ಬರಗಾಲ ಅದನ್ನು ಎಣಿಸುವಂತೆ ಮಾಡಿತು. ಆ ವರ್ಷದ ಆಗಸ್ಟ್ ತಿಂಗಳು 1901ರಿಂದೀಚೆಗೆ ನಮ್ಮ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಎನಿಸಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ದಸರೆ, ದೀಪಾವಳಿಗಳ ಪೇಟೆಯನ್ನೇ ನೆಚ್ಚಿ ಸೇವಂತಿಗೆ, ಚೆಂಡುಹೂಗಳನ್ನು ನಾಟಿ ಮಾಡಿದ್ದ ನಮ್ಮ ಬಯಲುಸೀಮೆಯ ರೈತರಿಗೆ, ಗಿಡಗಳು ಮೊಗ್ಗು ಕಟ್ಟುವ ಹೊತ್ತಿಗೆ ಸರಿಯಾಗಿ ಕೊಳವೆಬಾವಿಗಳು ಕೈಕೊಟ್ಟವು.

ಕನ್ನಡ ಪಂಡಿತನಿಗೂ ಈ ಸಂಗತಿಗೂ ಏನು ನಂಟೆಂದು ಓದುಗ ಮಹನೀಯರು ಕೇಳಬಹುದು. ನಂಟು ಕೇವಲ ಒಂದು ಶಬ್ದದ್ದು.

ಆ ಸೆಪ್ಟೆಂಬರಿನಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಸಣ್ಣ ಪೊಟ್ಟಣವೊಂದನ್ನು ಹಿಡಿದು ಮನೆಗೆ ಬಂದ. ಹಳೆಗನ್ನಡದ ಪಾಠದಲ್ಲಿ ತೂಕಡಿಸುತ್ತಿದ್ದ ಹುಡುಗ. ಈಗ ಒಂದೂವರೆ ಎಕರೆ ಸೇವಂತಿಗೆಯ ಒಡೆಯ. "ಗುರುಗಳೇ, ಅಂಗಡಿಯವರು ಟಾನಿಕ್ ಅಂತ ಕೊಟ್ಟಿದ್ದಾರೆ. ಕ್ಯಾನಿಗೆ ಒಂದು ಚಮಚ ಹಾಕಿ ಹೊಡೆದರೆ ನೀರಿಲ್ಲದಿದ್ದರೂ ಗಿಡ ತಡೆಯುತ್ತದಂತೆ. ಚೀಟಿಯೆಲ್ಲಾ ಇಂಗ್ಲಿಷಿನಲ್ಲಿದೆ, ಒಂದಿಷ್ಟು ಓದಿ ಹೇಳಬೇಕು" ಎಂದ. "ಕೂತುಕೋಪ್ಪಾ" ಎಂದು ಹೇಳಿ, ಪಕ್ಕದ ಬೀದಿಯಲ್ಲಿದ್ದ ನಮ್ಮ ವಿಜ್ಞಾನದ ಅಧ್ಯಾಪಕ ಮಿತ್ರರನ್ನೂ ಬರಮಾಡಿಕೊಂಡೆ. ಪೊಟ್ಟಣದಲ್ಲಿದ್ದುದು ಸ್ಯಾಲಿಸಿಲಿಕ್ ಆಮ್ಲ.

'ಟಾನಿಕ್' ಎಂಬ ಮಾತಿನ ಅಪಾಯ ಆಗ ನನಗೆ ಗೋಚರಿಸಿತು. ಟಾನಿಕ್ ಎಂದರೆ ಬಲ ಕೊಡುವುದು ಎಂಬುದು ಲೋಕರೂಢಿ. ಬಲ ಕೊಡುವುದನ್ನು ಒಂದು ಚಮಚಕ್ಕೆ ಎರಡು ಹಾಕಿದರೆ ತಪ್ಪೇನು? ಬಾಡಿದ ಕೂಸಿಗೆ ಎರಡು ತುತ್ತು ಹೆಚ್ಚು ಉಣಿಸುವ ತಾಯಿಯ ನ್ಯಾಯ ಅದು. ಆದರೆ ಈ ವಸ್ತುಗಳು ಆಹಾರವೂ ಅಲ್ಲ, ಗೊಬ್ಬರವೂ ಅಲ್ಲ. ಶಾಸ್ತ್ರಗ್ರಂಥಗಳು ಇವನ್ನು 'ಸಸ್ಯವೃದ್ಧಿ ನಿಯಂತ್ರಕ'ಗಳೆಂದು ಕರೆಯುತ್ತವೆ. ಹೆಸರು ಭಾರವಾದರೂ ಸತ್ಯ ಅದರಲ್ಲಿದೆ. ಇವು ಗಿಡಕ್ಕೆ ಅಪ್ಪಣೆ ಕೊಡುತ್ತವೆಯೇ ಹೊರತು ಅನ್ನ ಹಾಕುವುದಿಲ್ಲ. 'ಹಾರ್ಮೋನ್' ಎಂಬ ಪದವನ್ನು 1905ರಲ್ಲಿ ಸ್ಟಾರ್ಲಿಂಗ್ ಎಂಬ ವಿದ್ವಾಂಸ ಬಳಕೆಗೆ ತಂದುದೂ 'ಪ್ರಚೋದಿಸು' ಎಂಬರ್ಥದ ಗ್ರೀಕ್ ಧಾತುವಿನಿಂದಲೇ.

ಈ ಅಪ್ಪಣೆಯ ರೀತಿ ಬಹು ಸೊಗಸಾದುದು. ನೆಲ ಒಣಗತೊಡಗಿದಾಗ ಗಿಡವು ತನ್ನೊಳಗೇ ಅಬ್ಸಿಸಿಕ್ ಆಮ್ಲವೆಂಬ ವಸ್ತುವನ್ನು ಹೆಚ್ಚಿಸಿಕೊಳ್ಳುತ್ತದೆ. ಎಲೆಯ ಮೇಲೆ ಕಣ್ಣಿಗೆ ಕಾಣದ ಸಹಸ್ರಾರು ರಂಧ್ರಗಳು. ಪ್ರತಿಯೊಂದು ರಂಧ್ರಕ್ಕೂ ಜೋಡಿ ದ್ವಾರಪಾಲಕರಂತೆ ಎರಡು ಕಾವಲು ಕೋಶಗಳು. ಈ ಆಮ್ಲದ ಸುದ್ದಿ ತಲುಪಿದೊಡನೆ ಆ ಕೋಶಗಳಿಂದ ಪೊಟ್ಯಾಸಿಯಂ ಹೊರಹೋಗುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ, ಕೋಶಗಳು ಸಡಿಲಗೊಂಡು ಬಾಗಿಲು ಮುಚ್ಚುತ್ತದೆ. ಹೊರಗಿನಿಂದ ಇದನ್ನು ಕೊಟ್ಟು ಕುಂಡದ ಹೂಗಿಡಗಳು ಬಾಡುವುದನ್ನು ಕೆಲವು ದಿನ ಮುಂದೂಡಬಹುದೆಂದು ಅಮೆರಿಕದಲ್ಲಿ ಪ್ರಯೋಗಗಳಾಗಿವೆ. ಪ್ಯಾನ್ಸಿಯಂತಹ ಕೆಲವು ಗಿಡಗಳ ಎಲೆ ಹಳದಿಯಾದುದೂ ಅಲ್ಲಿ ಕಂಡುಬಂದಿದೆ. ಮುಚ್ಚಿದ ಬಾಗಿಲಿನಿಂದ ನೀರು ಹೊರಹೋಗುವುದಿಲ್ಲ ನಿಜ, ಆದರೆ ಗಿಡ ಅನ್ನ ತಯಾರಿಸಿಕೊಳ್ಳಲು ಬೇಕಾದ ಇಂಗಾಲದ ಡೈಆಕ್ಸೈಡ್ ಒಳಬರುವುದೂ ಅದೇ ಬಾಗಿಲಿನಿಂದ. ಉಪವಾಸವಿದ್ದು ನೀರುಳಿಸುವ ವ್ರತವಿದು, ಬಹುಕಾಲ ನಡೆಯದು.

ಪಂಡಿತನ ಚಪಲಕ್ಕೆ ಓದುಗರ ಕ್ಷಮೆಯಿರಲಿ: 'ಅಬ್ಸಿಸಿಕ್' ಎಂಬ ಹೆಸರಿನ ಮೂಲಕ್ಕೆ ಕಳಚಿ ಬೀಳುವುದೆಂಬ ಅರ್ಥವಿದೆ. ಎಲೆ, ಕಾಯಿಗಳನ್ನು ಉದುರಿಸುವುದು ಇದೇ ಎಂದು 1960ರ ದಶಕದ ವಿಜ್ಞಾನಿಗಳು ಭಾವಿಸಿದ್ದರು. ಆ ಕೆಲಸ ಮುಖ್ಯವಾಗಿ ಎಥಿಲೀನ್ ಅನಿಲದ್ದೆಂದು ಮುಂದೆ ತಿಳಿದರೂ ಹೆಸರು ಹಾಗೆಯೇ ನಿಂತಿತು. ತಪ್ಪು ಹೆಸರಿನ ಕಾಟ ನಮ್ಮ ಅಂಗಡಿಗಳಿಗಷ್ಟೇ ಮೀಸಲಲ್ಲ!

ಗಿಡಗಳಿಗೆ ಉಪಚಾರ ಮಾಡುವ ವಿದ್ಯೆಯೇನೂ ನಮಗೆ ಹೊಸದಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಭಾಗ ಮೀಸಲಾಗಿದೆ. ಕೃಷಿಕನಿಗೆ ತಿಳಿಯುವ ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬೇಕೆಂಬ ಆ ಹಂಬಲ ಸಾವಿರ ವರ್ಷಗಳ ಹಿಂದೆಯೇ ಇತ್ತು. ಇಂದಿನ ಪೊಟ್ಟಣದ ಚೀಟಿ ಬರೆಯುವವರಿಗೆ ಅದಿಲ್ಲವಲ್ಲ ಎಂಬುದೇ ನನ್ನ ಕೊರಗು.

ಸ್ಯಾಲಿಸಿಲಿಕ್ ಆಮ್ಲದ ಹೆಸರು ನೀರವಂಜಿಯ ಜಾತಿಯ ಮರದ ಲ್ಯಾಟಿನ್ ಹೆಸರಿನಿಂದ ಬಂದುದು. ತಲೆನೋವಿಗೆ ನುಂಗುವ ಆಸ್ಪಿರಿನ್ ಇದರ ದಾಯಾದಿ. ಬರದಲ್ಲಿ ಜೀವಕೋಶಗಳೊಳಗೆ ಹುಟ್ಟುವ ಹಾನಿಕರ ವಸ್ತುಗಳನ್ನು ತಣಿಸುವ ಶಕ್ತಿಯನ್ನು ಇದು ಗಿಡದಲ್ಲಿ ಚುರುಕುಗೊಳಿಸುತ್ತದೆ. ಗಿಡ ಪೂರ್ತಿ ಬಾಡುವ ಮುನ್ನವೇ, ಇಳಿಹೊತ್ತಿನ ತಂಪಿನಲ್ಲಿ ಸಿಂಪಡಿಸಿದರೆ ಪ್ರಯೋಜನ ಹೆಚ್ಚು. ಪ್ರಮಾಣ ಮಾತ್ರ ಅತ್ಯಲ್ಪ. ಲೀಟರಿಗೆ 100 ಮಿಲಿಗ್ರಾಂ ಆಸುಪಾಸಿನಲ್ಲಿ ಪ್ರಯೋಗಗಳು ನಡೆದಿವೆ. ಮಿತ್ರರು ಲೆಕ್ಕ ಹಾಕಿದರು: 15 ಲೀಟರ್ ಕ್ಯಾನಿಗೆ ಒಂದೂವರೆ ಗ್ರಾಂ. ಅಂಗಡಿಯವರು ಹೇಳಿದ ಚಮಚದಲ್ಲಿ ಹಿಡಿಯುವುದು ನಾಲ್ಕೈದು ಗ್ರಾಂ! ಮೂರು ಪಟ್ಟು ಬಿದ್ದಿದ್ದರೆ ಬಿಸಿಲಿಗೆ ಮೊದಲೇ ಸೋತಿದ್ದ ಎಲೆಗಳ ಅಂಚು ಸುಟ್ಟುಹೋಗುವ ಸಂಭವವಿತ್ತು. ಹುಡುಗ ತಡಮಾಡದೆ ಊರಿನ ಅಕ್ಕಸಾಲಿಗರಲ್ಲಿಗೆ ಹೋಗಿ, ಚಿನ್ನ ತೂಗುವ ತಕ್ಕಡಿಯಲ್ಲಿ ಒಂದೂವರೆ ಗ್ರಾಮಿನ ಪುಟ್ಟ ಪೊಟ್ಟಣಗಳನ್ನು ಕಟ್ಟಿಸಿದ. ತಣ್ಣೀರಿನಲ್ಲಿ ಅದು ಸುಲಭವಾಗಿ ಕರಗದೆಂದು, ಮೊದಲು ತುಸು ಮದ್ಯಸಾರದಲ್ಲಿ ಕರಗಿಸಿಕೊಳ್ಳಲು ಮಿತ್ರರು ಹೇಳಿಕೊಟ್ಟರು. ಪರೀಕ್ಷೆಗೆಂದು ಕೆಲವು ಸಾಲುಗಳನ್ನು ಸಿಂಪಡಿಸದೆ ಬಿಡಲೂ ಹೇಳಿದೆವು.

ಫಲವನ್ನು ಉತ್ಪ್ರೇಕ್ಷಿಸಲಾರೆ. ಸಿಂಪಡಿಸಿದ ಸಾಲುಗಳು ಮಧ್ಯಾಹ್ನ ಜೋತುಬಿದ್ದರೂ ಸಂಜೆಗೆ ಬೇಗ ಚೇತರಿಸಿಕೊಳ್ಳುತ್ತಿದ್ದವು, ಒಣಗಿದ ಮೊಗ್ಗು ಕಡಿಮೆ. ಟ್ಯಾಂಕರಿನ ನೀರು ಬರುವವರೆಗಿನ ನಾಲ್ಕಾರು ದಿನಗಳನ್ನು ಅವು ದಾಟಿದವು. ದಿಬ್ಬದ ಮೇಲಿನ ಮರಳುನೆಲದಲ್ಲಿ ಸಿಂಪಡಿಸಿದವೂ ಸಿಂಪಡಿಸದವೂ ಒಟ್ಟಿಗೆ ಒಣಗಿದವು. ದೀಪಾವಳಿಗೆ ಬಂದ ಹೂವು ಸಾಲದ ಅರ್ಧವನ್ನು ತೀರಿಸಿತು.

ಇವುಗಳಲ್ಲಿ ಇನ್ನೊಂದು ಬಗೆಯಿದೆ, ಅದರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಗಿಡವನ್ನು ಉದ್ದಕ್ಕೆ ಬೆಳೆಸುವ ಜಿಬ್ಬರೆಲಿನ್‌ನ ಜಾಡು ಸಿಕ್ಕಿದ್ದು 1926ರಲ್ಲಿ, ಜಪಾನಿನ ಕುರೊಸಾವ ಭತ್ತದ ರೋಗವೊಂದನ್ನು ಪರೀಕ್ಷಿಸುತ್ತಿದ್ದಾಗ. ಪ್ಯಾಕ್ಲೋಬ್ಯೂಟ್ರಜೋಲ್ ಆ ಜಿಬ್ಬರೆಲಿನ್ ಹುಟ್ಟದಂತೆ ತಡೆಯುತ್ತದೆ. ಗಿಡ ಗಿಡ್ಡವಾಗಿ, ಎಲೆಯ ಹರವು ತಗ್ಗಿ, ನೀರಿನ ಖರ್ಚು ಇಳಿಯುತ್ತದೆ. ಕುಂಡದ ಅಲಂಕಾರದ ಗಿಡಗಳಿಗೆ ಇದು ಒಪ್ಪುತ್ತದೆ. ಆದರೆ ಮಣ್ಣಿಗೆ ಸುರಿದರೆ ಬಹುಕಾಲ ಅಲ್ಲಿಯೇ ಉಳಿದು ಮುಂದಿನ ಬೆಳೆಯನ್ನೂ ಕುಗ್ಗಿಸಬಲ್ಲುದು. ಇದನ್ನೂ ಟಾನಿಕ್ ಎಂದೇ ಮಾರುವವರನ್ನು ಕಂಡಿದ್ದೇನೆ.

'ನಿಯಂತ್ರಕ' ಎಂಬ ಮಾತು ಹುಡುಗನ ನಾಲಗೆಗೆ ಹೊರಳಲಿಲ್ಲ. "ಹತೋಟಿ ಮದ್ದು ಅನ್ನೋಣವೇ ಗುರುಗಳೇ?" ಎಂದ. ನನ್ನ ಸಂಸ್ಕೃತಕ್ಕಿಂತ ಅವನ ಕನ್ನಡವೇ ಲೇಸೆನಿಸಿತು. ನಮ್ಮ ಶಾಲೆಯ ಪ್ರಯೋಗಶಾಲೆಯ ಸೂಕ್ಷ್ಮ ತಕ್ಕಡಿ ಈಗ ಶನಿವಾರ ಮಧ್ಯಾಹ್ನ ಹೂವಿನ ರೈತರಿಗಾಗಿ ತೆರೆದಿರುತ್ತದೆ. ಮಿತ್ರರು ತೂಗುತ್ತಾರೆ, ಪೊಟ್ಟಣದ ಮೇಲೆ ಹೆಸರನ್ನೂ ಪ್ರಮಾಣವನ್ನೂ ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನದು. ಇರುವುದು ಒಂದೇ ತಕ್ಕಡಿ, ಅದೂ ಹಳೆಯದು. ಬೇಸಿಗೆಯಲ್ಲಿ ಸಾಲು ಅಂಗಳದವರೆಗೂ ನಿಲ್ಲುತ್ತದೆ.