ಹಿಟ್ಟಿನ ಗಡಿಗೆ

ಧಾರವಾಡ, 9 ಆಗಸ್ಟ್ 2019, ಶುಕ್ರವಾರ

ಪಂಚಮಿಗೂ ಮೊದಲೇ ಹಿಡಿದ ಮಳೆ ಇವತ್ತೂ ಬಿಟ್ಟಿಲ್ಲ. ನವಿಲುತೀರ್ಥದ ಅಣೆಕಟ್ಟೆಯಿಂದ ಬಿಟ್ಟ ನೀರು ರಾಮದುರ್ಗ, ನರಗುಂದ, ರೋಣ, ಬಾದಾಮಿ ಸೀಮೆಯ ಊರುಗಳಿಗೆ ನುಗ್ಗಿದೆ. ಕೊಣ್ಣೂರ ಹತ್ತಿರ ಹೆದ್ದಾರಿಯೇ ಮುಳುಗಿದ್ದನ್ನು ಟೀವಿಯಲ್ಲಿ ತೋರಿಸಿದರು. ಬೇಸಿಗೆಯಲ್ಲಿ ಬತ್ತಿದ ಮಲಪ್ರಭೆಯನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದ ಜನ ಈಗ ಅದೇ ಹೊಳೆಗೆ ಹೆದರಿ ಮಾಳಿಗೆ ಏರಿದ್ದಾರೆ.

ಮಧ್ಯಾಹ್ನ ಓಣಿಯ ಹೆಣ್ಣುಮಕ್ಕಳೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದರು. ಸಭೆಯಿಲ್ಲ, ಭಾಷಣವಿಲ್ಲ. ಮನೆಗೆ ಇಪ್ಪತ್ತೈದು ರೊಟ್ಟಿ ಎಂದು ಮಾತಾಯಿತು. ಸಂಜೆಯ ಹೊತ್ತಿಗೆ ಓಣಿಯ ತುಂಬ ರೊಟ್ಟಿ ಬಡಿಯುವ ಸದ್ದು. ಎದುರು ಮನೆಯವರು ಪಂಚಮಿಗೆ ಮಾಡಿದ ಶೇಂಗಾ ಉಂಡಿ, ಎಳ್ಳುಂಡಿ ಡಬ್ಬಿಯನ್ನೇ ಎತ್ತಿ ತಂದಿಟ್ಟರು. ‘ತವರಿಗೆ ಬಂದ ಮಗಳ ಕೈಯಾಗ ಕೊಡೂದಿತ್ತು, ಇರ್ಲಿ ಬಿಡ್ರಿ, ಅಲ್ಲಿರೋರೂ ಯಾರದೋ ಮಕ್ಕಳು’ ಅಂದರು.

ರಾತ್ರಿ ರೊಟ್ಟಿ ಎಣಿಸಿ ಬಟ್ಟೆಯಲ್ಲಿ ಕಟ್ಟುವಾಗ ಅವ್ವನ ಗಡಿಗೆ ನೆನಪಾಯಿತು. ದಿನಾ ಹಿಟ್ಟು ನಾದುವ ಮೊದಲು ಒಂದು ಮುಷ್ಟಿ ತೆಗೆದು ಆ ಗಡಿಗೆಗೆ ಹಾಕುತ್ತಿದ್ದಳು. ವಾರಕ್ಕೊಮ್ಮೆ ಮಠದ ಬೋರ್ಡಿಂಗಿನವರು ಬಂದು ಜೋಳಿಗೆಗೆ ಸುರಿದುಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಹಿಟ್ಟು ಕಡಿಮೆಯಾದ ದಿನ ಮುಷ್ಟಿ ಸಣ್ಣದಾಗುತ್ತಿತ್ತು, ತಪ್ಪುತ್ತಿರಲಿಲ್ಲ. ನಮ್ಮ ಹಿಟ್ಟನ್ನು ಯಾವ ಊರಿನ ಹುಡುಗರು ಉಂಡರೋ ತಿಳಿಯದು. ಆದರೆ ಅಣ್ಣ ಧಾರವಾಡದಲ್ಲಿ ಓದಿದ್ದು ಅಂಥದೇ ಉಚಿತ ಪ್ರಸಾದ ನಿಲಯದಲ್ಲಿ, ಹೆಸರು ಗೊತ್ತಿಲ್ಲದ ಯಾರೋ ತಾಯಂದಿರ ಮುಷ್ಟಿಯಿಂದ.

11 ಆಗಸ್ಟ್, ಭಾನುವಾರ

ನವಲಗುಂದ ದಾಟಿ ನರಗುಂದದ ಆಚೆ ಒಂದು ಶಾಲೆಗೆ ಹೋಗಿದ್ದೆವು. ಅಲ್ಲೇ ಪರಿಹಾರ ಕೇಂದ್ರ. ಶಾಲೆಯ ಗೋಡೆ ಪಕ್ಕ ಹಳೆ ಬಟ್ಟೆಗಳ ರಾಶಿ ಮಳೆಯಲ್ಲಿ ನೆನೆಯುತ್ತ ಬಿದ್ದಿತ್ತು. ಹರಿದ ಪ್ಯಾಂಟು, ಗುಂಡಿಯಿಲ್ಲದ ಅಂಗಿ. ಯಾರೋ ದೂರದಿಂದ ಬಂದು ಇಳಿಸಿ, ಫೋಟೊ ತೆಗೆಸಿಕೊಂಡು ಹೋಗಿದ್ದರಂತೆ. ಯಾರೂ ಅದನ್ನು ಮುಟ್ಟಿರಲಿಲ್ಲ. ಎಲ್ಲ ಕಳೆದುಕೊಂಡವರಿಗೂ ಮಾನವೊಂದು ಉಳಿದಿರುತ್ತದೆ. ಕೊಡುವವರು ಅದನ್ನು ಕಸಿಯಬಾರದು.

ರೊಟ್ಟಿ ಹಂಚುವಾಗ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ನನ್ನ ಪಕ್ಕಕ್ಕೆ ಬಂದು ಕೂತಳು. ನಾನು ಶಾಲೆ ಕಲಿಸಿದವಳೆಂದು ಯಾರೋ ಹೇಳಿದ್ದರು. ‘ಅಕ್ಕೋರ, ರೊಟ್ಟಿ ಕೊಟ್ರಿ, ಪುಣ್ಯ ಬರ್ಲಿ. ಆದ್ರ ಕೂತು ಎಷ್ಟು ದಿನ ಉಣ್ಣೂಣು? ನಮಗ ಹಂಚು, ಪರಾತ ಕೊಡಸ್ರಿ. ನಾವs ಬಡಕೋತೀವಿ’ ಅಂದಳು. ಅವಳ ಬೆರಳುಗಳು ಸೆರಗಿನ ಅಂಚನ್ನು ಸುತ್ತುತ್ತಿದ್ದವು. ದಿನಾ ಹಿಟ್ಟು ನಾದಿದ ಕೈ, ಕೆಲಸವಿಲ್ಲದೆ ಕೂತು ಸೋತಿತ್ತು. ಏನು ಬೇಕೆಂದು ನಾವು ಕೇಳಿಯೇ ಇರಲಿಲ್ಲ.

13 ಆಗಸ್ಟ್, ಮಂಗಳವಾರ

ನಿನ್ನೆ ಬಕ್ರೀದ್. ಪಕ್ಕದ ಓಣಿಯ ಹುಡುಗರು ನಮಾಜು ಮುಗಿಸಿಕೊಂಡು ಡಬ್ಬಿ ಹಿಡಿದು ಕೂಡಿಸಿದ ಹಣವನ್ನು ರಾತ್ರಿ ತಂದುಕೊಟ್ಟರು. ಅದಕ್ಕೆ ನಮ್ಮದೂ ಸೇರಿಸಿ ಇವತ್ತು ಪೇಟೆಯಲ್ಲಿ ಅರವತ್ತು ಹಂಚು, ಅರವತ್ತು ಪರಾತ ಕೊಂಡೆವು. ಅಂಗಡಿಯವರು ಲಾಭ ಬೇಡವೆಂದರು. ಈಚೆಗೆ ಮುಖ ಕೊಟ್ಟು ಮಾತಾಡದಿದ್ದ ಎರಡು ಓಣಿಗಳ ಹುಡುಗರು ಒಂದೇ ಟೆಂಪೋದಲ್ಲಿ ಸಾಮಾನು ಏರಿಸಿ ಹೋದರು. ನೆರೆ ಬಂದದ್ದು ಅಲ್ಲಿ, ನಮ್ಮ ನಡುವಿನ ಬಿರುಕು ಮುಚ್ಚಿದ್ದು ಇಲ್ಲಿ.

ಕೂಡಿ ಕೊಡುವುದು ಇಲ್ಲಿ ಹೊಸದಲ್ಲ. ಈ ಮಲಪ್ರಭೆಯ ಸೀಮೆಯವರೇ ಸಿರಸಂಗಿ ಲಿಂಗರಾಜರು. ದೇಸಗತಿಯ ಆಸ್ತಿಯನ್ನು ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಆ ಸಂಸ್ಥೆ 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರದೇ ಹೆಸರು. ಸಂಸ್ಥಾನ ಇದ್ದವರು ಆಸ್ತಿ ಕೊಟ್ಟರು, ಸಂಬಳದವರು ದುಡಿಮೆ ಕೊಟ್ಟರು, ಅವ್ವನಂಥವರು ಮುಷ್ಟಿ ಹಿಟ್ಟು ಕೊಟ್ಟರು. ಈ ನಾಡಿನ ಬಡವರ ಮಕ್ಕಳು ಅಕ್ಷರ ಕಂಡದ್ದು ಈ ಮೂರೂ ಕೂಡಿದ್ದರಿಂದ.

18 ಏಪ್ರಿಲ್ 2020, ಶನಿವಾರ

ಲಾಕ್‌ಡೌನಿನ ನಾಲ್ಕನೆಯ ವಾರ. ಓಣಿಯ ತುದಿಯ ಗೌಂಡಿಗಳ ಮನೆಗಳಲ್ಲಿ, ಆಟೋ ಓಡಿಸುವವರ ಮನೆಗಳಲ್ಲಿ ಗಳಿಕೆ ನಿಂತುಹೋಗಿದೆ. ಬೆಳಿಗ್ಗೆ ಮನೆ ಮುಂದೆ ಒಂದು ಪಿಕಪ್ ಗಾಡಿ ನಿಂತಿತು. ಮಾಸ್ಕ್ ಹಾಕಿದ್ದ ಹುಡುಗ ಇಳಿದು, ‘ಅವ್ವ ಕಳಿಸ್ಯಾಳ್ರಿ ಅಕ್ಕೋರ’ ಅಂದ. ನಮ್ಮ ಹತ್ತಿರ ಹಂಚು ಕೇಳಿದ ಆ ತಾಯಿಯ ಮಗ. ಅವರೂರಿನ ರೈತರು ಕೂಡಿ ಉಳ್ಳಾಗಡ್ಡಿ, ಬದನಿಕಾಯಿ, ಸವತಿಕಾಯಿ ಚೀಲಗಟ್ಟಲೆ ತುಂಬಿ ಕಳಿಸಿದ್ದರು. ಮಾರುಕಟ್ಟೆ ಬಂದಾಗಿ ಅವರೇ ಕಷ್ಟದಲ್ಲಿದ್ದಾರೆ. ಹಣ ಕೊಡಲು ಹೋದೆ. ಹುಡುಗ ಕೈ ಹಿಂದಕ್ಕೆ ಕಟ್ಟಿಕೊಂಡ. ‘ರೊಕ್ಕಾ ತೊಗೊಂಡ್ರ ಅವ್ವ ಮನಿಯೊಳಗ ಕರಕೊಳ್ಳಂಗಿಲ್ರಿ’ ಅಂದ.

ಚೀಲಗಳ ಮೇಲೆ ಬಟ್ಟೆಯ ಒಂದು ಗಂಟು. ಬಿಚ್ಚಿದರೆ ಕಟಕ ರೊಟ್ಟಿ. ‘ಅದs ಹಂಚಿನ್ಯಾಗ ಬಡದದ್ದು ಅಂತ ಹೇಳು ಅಂದಾಳ್ರಿ.’

ಗಂಟು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಎಂಟು ತಿಂಗಳ ಹಿಂದೆ ಇಸಿದುಕೊಂಡವಳು ಇವತ್ತು ಕೊಟ್ಟವಳಾಗಿದ್ದಾಳೆ. ಅವಳ ಊರು ನಿಜವಾಗಿ ಚೇತರಿಸಿಕೊಂಡಿತು ಎಂದು ನನಗೆ ಖಾತ್ರಿಯಾದದ್ದು ಈಗ. ಪಡೆದವರಿಗೆ ತಿರುಗಿ ಕೊಡುವ ಶಕ್ತಿ ಬರುವಂತೆ ಕೊಡಬೇಕು. ಅವರು ಕೊಡಲು ಬಂದಾಗ ಮರುಮಾತಾಡದೆ ಕೈಯೊಡ್ಡಿ ತೆಗೆದುಕೊಳ್ಳಬೇಕು. ಆಗಲೇ ಇಬ್ಬರೂ ಸರಿಸಮ.

ತರಕಾರಿ ಮಧ್ಯಾಹ್ನದೊಳಗೆ ಮೂವತ್ತೆಂಟು ಮನೆ ಸೇರಿತು. ಸಂಜೆ ಅಟ್ಟದಿಂದ ಅವ್ವನ ಗಡಿಗೆ ಇಳಿಸಿ, ತೊಳೆದು, ಒರೆಸಿ, ಒಲೆಯ ಪಕ್ಕ ಇಟ್ಟೆ. ರಾತ್ರಿಯ ರೊಟ್ಟಿಗೆ ಹಿಟ್ಟು ನಾದುವ ಮೊದಲು ಒಂದು ಮುಷ್ಟಿ ಹಾಕಿದ್ದೇನೆ.