ಕೊಡೆಯ ಮರೆಯ ಹೆಸರು



ವಚನಗಳ ಅರ್ಥವಿಚಾರಕ್ಕೆ ಮೀಸಲಾದ ಈ ಅಂಕಣದಲ್ಲಿ ಈ ಸಲ ಒಂದು ಪ್ಲಾಸ್ಟಿಕ್ ಹಡಗಿನ ವಿಚಾರವನ್ನು ನಿವೇದಿಸಿಕೊಳ್ಳುತ್ತಿದ್ದೇನೆ. ಹಡಗೆಂದರೂ ಪೂರ್ತಿ ಸರಿಯಾಗದು. ನೀರಿಗೆ ಮೈ ತಾಗಿಸದೆ, ತನ್ನ ಅಡಿಯಲ್ಲಿ ತಾನೇ ಒತ್ತಿ ತುಂಬಿಕೊಂಡ ಗಾಳಿಯ ಹಾಸಿನ ಮೇಲೆ ಓಡುವ ಹೋವರ್‌ಕ್ರಾಫ್ಟ್ ಎಂಬ ವಾಹನವದು. ಅದರ ಕಿರುಪ್ರತಿಯೊಂದನ್ನು ಕಳೆದ ಆಷಾಢದಿಂದ ಕಾರ್ತಿಕದವರೆಗೆ, ಬಿಡುವಿದ್ದ ಭಾನುವಾರಗಳಲ್ಲಿ, ಗುಂಡ್ಲುಪೇಟೆಯ ಒಂದು ಮನೆಯ ಪಡಸಾಲೆಯಲ್ಲಿ ಕುಳಿತು ಜೋಡಿಸಿದೆವು. ಕೈ ನನ್ನದು, ಮಾರ್ಗದರ್ಶನ ಶ್ರೀಮಠದ ಹಿರಿಯ ಭಕ್ತರೂ ನಿವೃತ್ತ ವಿಜ್ಞಾನ ಶಿಕ್ಷಕರೂ ಆದ ಒಬ್ಬರದು. ತಮ್ಮ ಹೆಸರನ್ನು ಬರೆಯಕೂಡದೆಂಬುದು ಅವರ ಅಪ್ಪಣೆಯಾದ್ದರಿಂದ ಊರಿನವರು ಕರೆಯುವಂತೆ ಮೇಷ್ಟ್ರು ಎಂದೇ ಕರೆಯುತ್ತೇನೆ.

ಮೇಷ್ಟ್ರಿಗೆ ತೊಂಬತ್ತು ತುಂಬಿದೆ. ದೃಷ್ಟಿ ಚೆನ್ನಾಗಿದೆ, ಕಿವಿಯೂ ಚುರುಕು. ಕೈಗಳು ಮಾತ್ರ ನಡುಗುತ್ತವೆ. ನಿವೃತ್ತರಾದ ಮರುವರ್ಷ, ಎಂದರೆ 1994ರಲ್ಲಿ, ಇಂಗ್ಲೆಂಡಿನಲ್ಲಿದ್ದ ಮಗನ ಮನೆಗೆ ಪತ್ನೀಸಮೇತರಾಗಿ ಹೋಗಿದ್ದರು. ಆಗ ಮಗನು ತಂದೆತಾಯಿಗಳನ್ನು ಡೋವರ್ ಬಂದರಿನಿಂದ ಫ್ರಾನ್ಸಿನ ಕ್ಯಾಲೆಗೆ ಇಂಥದೇ ವಾಹನದಲ್ಲಿ ಕರೆದೊಯ್ದನಂತೆ. ಹಿಂದಿರುಗುವಾಗ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅದೇ ವಾಹನದ ಏರ್‌ಫಿಕ್ಸ್ ಕಂಪನಿಯ ಮಾದರಿ ಪೆಟ್ಟಿಗೆ ಸಿಕ್ಕಿತು. ಅದು ಮೂವತ್ತು ವರ್ಷ ಅಟ್ಟದ ಮೇಲಿತ್ತು. ಈಗೇಕೆ ಇಳಿಸಿದಿರಿ ಎಂದು ನಾನು ಕೇಳಲಿಲ್ಲ. ಅಮ್ಮನವರು, ಅಂದರೆ ಮೇಷ್ಟ್ರ ಪತ್ನಿ, ಲಿಂಗೈಕ್ಯರಾದ ಮೇಲೆ ಆ ಮನೆಯ ಅಟ್ಟದಿಂದ ಒಂದೊಂದೇ ವಸ್ತು ಇಳಿದು ಯಾರುಯಾರಿಗೋ ದಾನವಾಗಿ ಹೋಗುತ್ತಿದ್ದುದನ್ನು ನಾನು ಬಲ್ಲೆ. ಈ ಪೆಟ್ಟಿಗೆಯನ್ನು ಮಾತ್ರ ಅವರು ಯಾರಿಗೂ ಕೊಡಲಿಲ್ಲ.

ಚಾಮರಾಜನಗರದಿಂದ ಬೆಳಗಿನ ಬಸ್ಸು ಹಿಡಿದರೆ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆ ತಲುಪಬಹುದು. ಆಷಾಢದ ಆ ದಿನಗಳಲ್ಲಿ ರಸ್ತೆಯ ಬದಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಅರಳಿ ನಿಂತಿದ್ದವು. ಊಟಿಗೆ ಹೊರಟ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಸಮುದ್ರವನ್ನು ಕಾಣದ ಈ ಸೀಮೆಯಲ್ಲಿ ನಾವಿಬ್ಬರು ಕಡಲು ದಾಟುವ ಯಂತ್ರವೊಂದನ್ನು ಕಟ್ಟಲು ಕುಳಿತದ್ದು ನೆರೆಯವರಿಗೆ ತಮಾಷೆಯಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ನಾಡಿನಲ್ಲಿ ಹೋವರ್‌ಕ್ರಾಫ್ಟನ್ನು ಕಣ್ಣಾರೆ ಕಂಡವರೆಂದರೆ ಹೆಚ್ಚಾಗಿ ಮಂಗಳೂರಿನವರು. ಅಲ್ಲಿನ ಕರಾವಳಿಯಲ್ಲಿ ಭಾರತೀಯ ತಟರಕ್ಷಣಾ ಪಡೆಯ ಹೋವರ್‌ಕ್ರಾಫ್ಟ್‌ಗಳು ಕಾಣಿಸಿಕೊಂಡಿವೆ.

ವಾಹನದ ತತ್ತ್ವವನ್ನು ಮೇಷ್ಟ್ರು ಮೊದಲ ದಿನವೇ ಅಡಿಗೆಮನೆಯಲ್ಲಿ ತೋರಿಸಿದರು. ಸ್ಟೀಲ್ ಲೋಟವನ್ನು ಬಿಸಿನೀರಿನಲ್ಲಿ ಗಲಬರಿಸಿ, ಒದ್ದೆಯಾದ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಬೋರಲು ಹಾಕಿಸಿದರು. ಲೋಟ ತನ್ನಷ್ಟಕ್ಕೆ ತಾನೇ ಮೆಲ್ಲನೆ ಜಾರಿಕೊಂಡು ಹೋಯಿತು. ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಗೆ ಹಿಗ್ಗಿ, ಅಂಚನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ. ಅಂಚಿಗೂ ಕಲ್ಲಿಗೂ ನಡುವೆ ಹಿಡಿತ ತಪ್ಪುತ್ತದೆ. ನಮ್ಮ ಮನೆಗಳ ಹೆಂಗಸರು ದಿನನಿತ್ಯ ಕಾಣುವ ಸಂಗತಿ ಇದು. ಕ್ರಿಸ್ಟಫರ್ ಕಾಕರೆಲ್ ಎಂಬ ಇಂಗ್ಲಿಷ್ ಎಂಜಿನಿಯರ್ 1955ರ ಸುಮಾರಿಗೆ ಪ್ರಯೋಗಕ್ಕೆ ತೊಡಗಿದ್ದೂ ಇಂಥ ಡಬ್ಬಗಳಿಂದಲೇ. ಬೆಕ್ಕಿನ ಆಹಾರದ ಡಬ್ಬವನ್ನು ಕಾಫಿ ಡಬ್ಬದೊಳಗಿಟ್ಟು, ಎರಡರ ನಡುವಿನ ಸಂದಿಯಲ್ಲಿ ಗಾಳಿಯೂದಿ, ಅಡಿಗೆಮನೆಯ ತಕ್ಕಡಿಯ ಮೇಲೆ ಅದರ ಒತ್ತಡವನ್ನು ಅಳೆದನು. ಬರಿಯ ಒಂದು ಡಬ್ಬದಿಂದ ಊದಿದ ಗಾಳಿಗಿಂತ ಉಂಗುರದಂತೆ ಸಂದಿಯಿಂದ ಹೊರಟ ಗಾಳಿ ಹೆಚ್ಚು ಭಾರ ಎತ್ತಬಲ್ಲುದೆಂದು ಕಂಡುಕೊಂಡನು. 1959ರ ಜುಲೈ 25ರಂದು ಎಸ್.ಆರ್.ಎನ್.1 ಎಂಬ ಪ್ರಾಯೋಗಿಕ ವಾಹನ ಕ್ಯಾಲೆಯಿಂದ ಡೋವರ್‌ಗೆ ಕಡಲುಗಾಲುವೆಯನ್ನು ದಾಟಿತು.

ಆ ಮೊದಲ ವಾಹನಕ್ಕೆ ಏಳುವ ಶಕ್ತಿ ಅಲ್ಪ. ತುಸು ದೊಡ್ಡ ಅಲೆ ಬಂದರೂ ಬಡಿಯುತ್ತಿತ್ತು. ಸುತ್ತಲೂ ಬಾಗುವ ಅಂಚುಪಟ್ಟಿಯೊಂದನ್ನು ಇಳಿಬಿಟ್ಟು ಗಾಳಿಯನ್ನು ತಡೆಹಿಡಿಯುವ ಉಪಾಯ ಆಮೇಲೆ ಬಂದದ್ದು. ಅದಕ್ಕೆ ಇಂಗ್ಲಿಷಿನಲ್ಲಿ ಸ್ಕರ್ಟ್ ಎಂದೇ ಹೆಸರು. ಮೇಷ್ಟ್ರು ಅದನ್ನು ಸಂಕೋಚವಿಲ್ಲದೆ ಲಂಗ ಎನ್ನುತ್ತಿದ್ದರು. ನನಗೂ ಅದೇ ರೂಢಿಯಾಯಿತು. ಲಂಗ ಬಂದುದರಿಂದಲೇ ಎಸ್.ಆರ್.ಎನ್.4ನಂಥ ದೈತ್ಯವಾಹನ ಸಾಧ್ಯವಾಯಿತು. ನಮ್ಮ ಪೆಟ್ಟಿಗೆಯಲ್ಲಿದ್ದುದು ಇದೇ. ನಾಲ್ಕು ಪ್ರೋಟಿಯಸ್ ಅನಿಲ ಟರ್ಬೈನ್ ಎಂಜಿನ್ನುಗಳು. ಒಂದೊಂದು ಎಂಜಿನ್ನೂ ಕೆಳಗೆ ಗಾಳಿ ತುಂಬುವ ಬೀಸಣಿಗೆಯನ್ನೂ ಮೇಲೆ ಮುಂದಕ್ಕೆ ಎಳೆಯುವ ಪ್ರೊಪೆಲರನ್ನೂ ಏಕಕಾಲಕ್ಕೆ ತಿರುಗಿಸುತ್ತಿತ್ತು. 254 ಜನರನ್ನೂ 30 ಕಾರುಗಳನ್ನೂ ಹೊತ್ತು 1968ರ ಆಗಸ್ಟ್ 1ರಂದು ಸಾರ್ವಜನಿಕ ಸಂಚಾರವನ್ನು ಆರಂಭಿಸಿದಾಗ ಇಷ್ಟು ದೊಡ್ಡ ಹೋವರ್‌ಕ್ರಾಫ್ಟ್ ಬೇರೆಲ್ಲೂ ಜನರನ್ನು ಸಾಗಿಸುತ್ತಿರಲಿಲ್ಲ.

ಇಂಥದನ್ನು 144ನೆಯ ಒಂದು ಪಾಲಿಗೆ ಇಳಿಸಿದ್ದಾರೆ. ಸುಮಾರು 40 ಮೀಟರ್ ಉದ್ದದ ವಾಹನ ಇಲ್ಲಿ ಇಪ್ಪತ್ತೇಳೂವರೆ ಸೆಂಟಿಮೀಟರ್, ಗೇಣಿಗಿಂತ ನಾಲ್ಕು ಬೆರಳು ಹೆಚ್ಚು. ಹತ್ತೊಂಬತ್ತು ಅಡಿ ವ್ಯಾಸದ ಪ್ರೊಪೆಲರು ನಾಲ್ಕು ಸೆಂಟಿಮೀಟರ್. ಮನುಷ್ಯನನ್ನು ನಿಲ್ಲಿಸಿದರೆ ಕಿರುಬೆರಳಿನ ಉಗುರಿನಷ್ಟಾಗುತ್ತಾನೆ. ಹೀಗೆ ಭಾಗಿಸುವ ಲೆಕ್ಕ ಮೇಷ್ಟ್ರಿಗೆ ಬಹಳ ಇಷ್ಟ. ಕಾಗದ ಪೆನ್ನಿಲ್ಲದೆ ಹೇಳಿಬಿಡುತ್ತಿದ್ದರು.

ಬಿಡಿಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬಂದಿರುತ್ತವೆ. ಅವನ್ನು ಮುರಿಯದೆ ಬಿಡಿಸಬೇಕು, ಅಂಟಿದ್ದ ಜಾಗದ ಗುಬುಟನ್ನು ಉಪ್ಪುಕಾಗದದಿಂದ ಉಜ್ಜಬೇಕು, ಎರಡು ಅಂಚು ಕೂಡುತ್ತವೆಯೇ ಎಂದು ಒಣದಾಗಿ ಹಿಡಿದು ನೋಡಬೇಕು, ಆಮೇಲೆ ಅಂಟು. ನಮ್ಮ ಆಯುಧಗಳು ಉಗುರು ಕತ್ತರಿ, ಚಿಮಟ, ಬಟ್ಟೆ ಒಣಹಾಕುವ ಕ್ಲಿಪ್ಪು, ರಬ್ಬರ್ ಬ್ಯಾಂಡು. ಪೆಟ್ಟಿಗೆಯಲ್ಲಿದ್ದ ಅಂಟಿನ ಕೊಳವೆ ಕಲ್ಲಾಗಿತ್ತು. ಬೆಂಗಳೂರಿನಿಂದ ಒಬ್ಬ ವಿದ್ಯಾರ್ಥಿ ಹೊಸದನ್ನು ತಂದುಕೊಟ್ಟನು. ಈ ಅಂಟು ನಮ್ಮ ಅಂಗಡಿಗಳ ಫೆವಿಕ್ವಿಕ್‌ನಂಥದಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಎರಡು ತುಂಡುಗಳು ತಂತಮ್ಮ ಮೈ ಕರಗಿ ಒಂದಾಗಿ ಗಟ್ಟಿಯಾಗುತ್ತವೆ. ಕಿಟಕಿಗಳ ಪಾರದರ್ಶಕ ಪಟ್ಟಿಗಳ ಬಳಿ ಒಂದು ಹನಿ ಹೆಚ್ಚಾದರೆ ಗಾಜು ಮಂಜುಗಟ್ಟಿದಂತಾಗಿ ಕೆಡುತ್ತದೆ. ಕಿಟಕಿಗಳಿಗೇ ಎರಡು ಭಾನುವಾರ ಹಿಡಿಯಿತು. ಮೇಷ್ಟ್ರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಮ್ಮನವರು ಕಿಟಕಿಯ ಪಕ್ಕದಲ್ಲಿ ಕುಳಿತಿದ್ದರಂತೆ. ಲಂಗದ ಅಂಚಿನಿಂದ ಎದ್ದ ನೀರಿನ ತುಂತುರು ಗಾಜಿಗೆ ರಾಚಿ ಏನೂ ಕಾಣುತ್ತಿರಲಿಲ್ಲವಂತೆ. "ಮೂವತ್ತೈದು ನಿಮಿಷ ನನ್ನ ತೋಳು ಬಿಡಲಿಲ್ಲ ಕಣಪ್ಪಾ. ಇಳಿದಮೇಲೆ, ಕಡಲು ಎಲ್ಲಿತ್ತು ಅಂತ ಕೇಳಿದಳು" ಎಂದರು.

ನಡುವೆ ಒಂದು ತೊಡಕು ಎದುರಾಯಿತು. ಓದಿ ನೋಡಿದಾಗ ತಿಳಿದುಬಂದಂತೆ, ನಮ್ಮ ಪೆಟ್ಟಿಗೆಯದು ವಾಹನದ ಮೊದಲ ರೂಪ. 1970ರ ದಶಕದ ಕೊನೆಯಲ್ಲಿ ಪ್ರಿನ್ಸೆಸ್ ಮಾರ್ಗರೆಟ್, ಪ್ರಿನ್ಸೆಸ್ ಆ್ಯನ್ ಎಂಬ ಎರಡು ನೌಕೆಗಳನ್ನೂ ನಡುವೆ ಕತ್ತರಿಸಿ, 55 ಅಡಿಯ ಹೊಸ ಭಾಗವನ್ನು ಸೇರಿಸಿ ಉದ್ದ ಮಾಡಿದರು. ಆಮೇಲೆ ಅವು 400ಕ್ಕೂ ಹೆಚ್ಚು ಜನರನ್ನು ಹೊರುತ್ತಿದ್ದವು. 1994ರಲ್ಲಿ ಮೇಷ್ಟ್ರು ಏರಿದ್ದು ಆ ಉದ್ದದ ರೂಪವನ್ನು. ನಮ್ಮ ಮಾದರಿಯಲ್ಲಿ ಹನ್ನೊಂದೂವರೆ ಸೆಂಟಿಮೀಟರಿಗೂ ಹೆಚ್ಚು ಕೊರತೆ. ಅದನ್ನು ತುಂಬಬೇಕೆಂದರೆ ಇಂಥದೇ ಇನ್ನೊಂದು ಪೆಟ್ಟಿಗೆ ತಂದು ಕತ್ತರಿಸಬೇಕು. ಹೇಳಿದಾಗ ಮೇಷ್ಟ್ರು ನಕ್ಕುಬಿಟ್ಟರು. "ಹಾಗಾದರೆ ನಮ್ಮ ಸೀಟು ಆ ಹನ್ನೊಂದೂವರೆ ಸೆಂಟಿಮೀಟರಲ್ಲೇ ಇತ್ತು ಅಂತ ಇಟ್ಟುಕೊಳ್ಳೋಣ. ಪೆಟ್ಟಿಗೆಯಲ್ಲಿ ಇದ್ದ ಹಾಗೆ ಮಾಡು." ಅಲ್ಲಿಗೆ ಆ ಪ್ರಕರಣ ಮುಗಿಯಿತು.

ಮುಗಿಯದೆ ಉಳಿದದ್ದು ಹೆಸರಿನ ಪ್ರಶ್ನೆ. ನೌಕೆಯ ಮೈಮೇಲಿನ ಬರಹ ಗೆರೆಗಳು ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ತೆಳು ಚಿತ್ರಗಳಾಗಿ ಬಂದಿರುತ್ತವೆ. ಮೂವತ್ತು ವರ್ಷದ ಅಟ್ಟದ ಸೆಕೆಗೆ ಅವು ಹಳದಿಯಾಗಿದ್ದವು. ಒಂದು ಮೂಲೆಯನ್ನು ಕತ್ತರಿಸಿ ಪರೀಕ್ಷಿಸಿದರೆ ನೀರಿನಲ್ಲಿ ಪುಡಿಪುಡಿಯಾಗಿ ತೇಲಿತು. ಉಳಿದ ದಾರಿ ಕೈಯಲ್ಲೇ ಬರೆಯುವುದು. ಕೆಂಪು ನೀಲಿ ಪಟ್ಟೆಗಳನ್ನು ಹಾರ್ಡ್‌ವೇರ್ ಅಂಗಡಿಯ ಎನಾಮೆಲ್‌ನಿಂದ ಎಳೆದದ್ದಾಯಿತು. ಹೆಸರು ಯಾವುದು?

ಮೇಷ್ಟ್ರ ಬಳಿ ಒಂದೇ ಒಂದು ಫೋಟೋ ಇದೆ. ಇಳಕಲ್ ಸೀರೆಯ ಮೇಲೆ ಮಗನ ಉಣ್ಣೆಯ ಕೋಟು ತೊಟ್ಟ ಅಮ್ಮನವರು, ಕಾಂಕ್ರೀಟಿನ ಇಳಿಜಾರಿನಲ್ಲಿ, ತುಂತುರು ಮಳೆಗೆ ಕೊಡೆ ಬಿಚ್ಚಿ ನಿಂತಿದ್ದಾರೆ. ಹಿಂದೆ ನೌಕೆಯ ಬಿಳಿ ಮೈ. ಅದರ ಮೇಲೆ ಇಂಗ್ಲಿಷಿನಲ್ಲಿ 'ದಿ ಪ್ರಿನ್ಸೆಸ್' ಎಂಬಷ್ಟು ಸ್ಪಷ್ಟವಾಗಿ ಕಾಣುತ್ತದೆ. ಮುಂದಿನದು ಕೊಡೆಯ ಮರೆ. ಮಾರ್ಗರೆಟ್ ಎಂದರೆ ಇಂಗ್ಲಿಷಿನಲ್ಲಿ ಎಂಟು ಅಕ್ಷರ, ಆ್ಯನ್ ಎಂದರೆ ನಾಲ್ಕು. ಹಸ್ತಪ್ರತಿಗಳಲ್ಲಿ ಹುಳು ತಿಂದ ಜಾಗದ ಅಳತೆ ಹಿಡಿದು ಎಷ್ಟು ಅಕ್ಷರ ಹೋಗಿರಬಹುದೆಂದು ಎಣಿಸುವ ಅಭ್ಯಾಸ ನನಗೆ ಇರುವುದರಿಂದ ಇಲ್ಲೂ ಅಡಿಪಟ್ಟಿ ಹಿಡಿದೆ. ಕೊಡೆ ಫೋಟೋದ ಅಂಚಿನವರೆಗೂ ಹರಡಿದೆ. ನಾಲ್ಕಾದರೂ ಅಡಗೀತು, ಎಂಟಾದರೂ ಅಡಗೀತು. ಪಾಸ್‌ಪೋರ್ಟಿನ ಮೊಹರಿನಿಂದ ದಿನಾಂಕವೇನೋ ಸಿಕ್ಕಿತು. ಆದರೆ ಆ ಎರಡು ನೌಕೆಗಳೂ ಅದೇ ಮಾರ್ಗದಲ್ಲಿ ದಿನಕ್ಕೆ ಹಲವು ಬಾರಿ ಹೋಗಿಬರುತ್ತಿದ್ದವು. ಮಗನಿಗೆ ಫೋನು ಮಾಡಿ ಕೇಳಿದರೆ ಅವನಿಗೂ ನೆನಪಿಲ್ಲ.

ಇದು ಕೇವಲ ಹೆಸರಿನ ಮಾತಾಗಿದ್ದರೆ ಅಷ್ಟು ಎಳೆದಾಡಬೇಕಿರಲಿಲ್ಲ. ಕಡಲುಗಾಲುವೆಯ ಕೆಳಗಿನ ಸುರಂಗ 1994ರಲ್ಲೇ ತೆರೆಯಿತು. ಮೇಷ್ಟ್ರು ಪ್ರಯಾಣ ಮಾಡಿದ ವರ್ಷವೇ ಈ ವಾಹನದ ಇಳಿಗಾಲವೂ ಆರಂಭವಾಯಿತೆನ್ನಬೇಕು. ಮರುವರ್ಷ ಪ್ರಿನ್ಸೆಸ್ ಆ್ಯನ್ 22 ನಿಮಿಷಗಳಲ್ಲಿ ಕಡಲುಗಾಲುವೆಯನ್ನು ದಾಟಿ ದಾಖಲೆ ಮಾಡಿತು. ಆದರೂ 2000ದ ಅಕ್ಟೋಬರ್ 1ರಂದು ಎರಡೂ ನೌಕೆಗಳ ಸೇವೆ ನಿಂತುಹೋಯಿತು. ಇಂಧನ ಬಹಳ ಕುಡಿಯುವ, ಲಂಗವನ್ನು ಪದೇಪದೇ ಬದಲಿಸಬೇಕಾದ ಯಂತ್ರವದು. ನೌಕೆಗಳು ಲೀ ಆನ್ ದಿ ಸಾಲೆಂಟ್ ಎಂಬಲ್ಲಿನ ಹೋವರ್‌ಕ್ರಾಫ್ಟ್ ವಸ್ತುಸಂಗ್ರಹಾಲಯದ ಬಳಿ ತಂಗಿದವು. 2018ರಲ್ಲಿ ಮಾರ್ಗರೆಟನ್ನು ಒಡೆದು ಗುಜರಿ ಮಾಡಿದರು. ಆ್ಯನ್ ಉಳಿಯಿತು. 1985ರ ಮಾರ್ಚ್ 30ರಂದು ಡೋವರ್ ಬಂದರಿನ ಅಲೆತಡೆಗೋಡೆಗೆ ಬಡಿದು ನಾಲ್ವರು ಪ್ರಯಾಣಿಕರ ಸಾವಿಗೆ ಕಾರಣವಾದದ್ದೂ ಮಾರ್ಗರೆಟ್ಟೇ.

ಇದನ್ನೆಲ್ಲ ಓದಿ ಹೇಳಿದ ದಿನ ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ್ಯನ್ ಅಂತಲೇ ಬರೆದುಬಿಡು" ಎಂದರು. "ಅವಳು ಕೂತಿದ್ದ ಸೀಟು ಎಲ್ಲೋ ಒಂದು ಕಡೆ ಇದೆ ಅಂತ ಆಗುತ್ತೆ."

ನಾನೇನು ಹೇಳಲಿ? ಪ್ರತಿಯಲ್ಲಿ ಅಳಿಸಿಹೋದ ಅಕ್ಷರವನ್ನು ನಮಗೆ ಪ್ರಿಯವಾದ ಅರ್ಥಕ್ಕೆ ಹೊಂದುವಂತೆ ತುಂಬಬಾರದೆಂಬುದು ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯ ಗುರುಗಳು ಕಲಿಸಿದ ಮೊದಲ ಪಾಠ. ಆದರೆ ತೊಂಬತ್ತು ವರ್ಷದ ಹಿರಿಯರ ಮುಂದೆ ಆ ಪಾಠವನ್ನು ಒಪ್ಪಿಸುವುದು ಉದ್ಧಟತನವಾಗಿ ತೋರಿತು. ಆದರೂ, ಮೇಷ್ಟ್ರೇ ಫೋಟೋದಲ್ಲಿ ಅಷ್ಟು ಕಾಣುವುದಿಲ್ಲವಲ್ಲಾ, ಎಂದೆ.

ಅವರು ಸುಲಭಕ್ಕೆ ಬಿಡುವವರಲ್ಲ. "ಚಾಮರಾಜೇಶ್ವರನ ತೇರು 2017ರಲ್ಲಿ ಬೆಂಕಿ ಬಿದ್ದು ಹೋಯ್ತು. ಐದು ವರ್ಷ ಆಷಾಢದಲ್ಲಿ ತೇರೇ ಇಲ್ಲ. 2022ರಲ್ಲಿ ಹೊಸ ತೇರು ಕಟ್ಟಿ ಎಳೆದರು. ಹೊಸ ಮದುವೆ ಗಂಡುಹೆಣ್ಣು ಮೊದಲಿನ ಹಾಗೇ ಬಂದು ಹಣ್ಣುಜವನ ಎಸೆದರು. ಇದು ಆ ತೇರಲ್ಲ ಅಂತ ಯಾರಾದರೂ ಅಂದರಾ?" ಎಂದು ಕೇಳಿದರು. ವಾದ ಬಲವಾದದ್ದೇ. ತೇರಿಗೆ ಹೆಸರು ಬರುವುದು ಅದರೊಳಗೆ ಕುಳಿತ ದೇವರಿಂದ, ಮರ ಬದಲಾದರೂ ಹೆಸರು ಬದಲಾಗದು. ನೌಕೆಯ ಹೆಸರು ಆ ಒಂದು ಮೈಗೆ ಮಾತ್ರ ಸೇರಿದ್ದು, ಎಂದು ನಾನು ಹೇಳಿದೆ. ನನ್ನ ಮಾತು ಸರಿಯೆಂದು ಈಗಲೂ ನಂಬುತ್ತೇನೆ. ಮೇಷ್ಟ್ರು ಮಾತ್ರ ಉತ್ತರಿಸದೆ ಎದ್ದು ಒಳಗೆ ಹೋದರು. ಅಂದು ಕೆಲಸ ನಡೆಯಲಿಲ್ಲ. ಸಂಜೆಯ ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದರು, ಆದರೆ ಮುಂದಿನ ಭಾನುವಾರ ಬಾ ಎನ್ನಲಿಲ್ಲ.

ಎರಡು ವಾರ ನಾನು ಚಾಮರಾಜನಗರದಲ್ಲೇ ಉಳಿದೆ. ಮೂರನೆಯ ವಾರ ಅವರೇ ಫೋನು ಮಾಡಿಸಿದರು. ಹೋಗಿ ನೋಡಿದರೆ ಮೇಜಿನ ಮೇಲೆ ನೌಕೆ, ಪಕ್ಕದಲ್ಲಿ ಫೋಟೋ, ಸಣ್ಣ ಕುಂಚ, ಕಪ್ಪು ಬಣ್ಣದ ಡಬ್ಬಿ, ಎಲ್ಲವೂ ಸಿದ್ಧವಾಗಿದ್ದವು. ಹಳೆಯ ಲೆಕ್ಕದ ಪುಸ್ತಕವೊಂದರ ಹಾಳೆಯಲ್ಲಿ, ನಡುಗುವ ಕೈಯಲ್ಲೇ, ಅಕ್ಷರಗಳ ಎತ್ತರವನ್ನು 144ರಿಂದ ಭಾಗಿಸಿ ಗುರುತು ಹಾಕಿಟ್ಟಿದ್ದರು. "ಫೋಟೋದಲ್ಲಿ ಎಷ್ಟು ಕಾಣುತ್ತೋ ಅಷ್ಟೇ ಬರಿ. ಮಿಕ್ಕಿದ್ದು ಅವಳ ಕೊಡೆ ಹಿಂದೆ ಇರಲಿ" ಎಂದರು.

ಭೂತಗನ್ನಡಿ ಹಿಡಿದು ಬರೆದೆ. ಹನ್ನೊಂದು ಅಕ್ಷರಕ್ಕೆ ಒಂದು ಗಂಟೆ ಹಿಡಿಯಿತು. 'ದಿ ಪ್ರಿನ್ಸೆಸ್' ಎಂಬುದಾದ ಮೇಲೆ ಎಂಟು ಅಕ್ಷರಕ್ಕಾಗುವಷ್ಟು ಬಿಳಿಯ ಜಾಗವನ್ನು ಮೇಷ್ಟ್ರು ಅಳೆಸಿ ಬಿಡಿಸಿದರು. ನಾಲ್ಕಾದರೂ ಅದರಲ್ಲಿ ಹಿಡಿಯುತ್ತದೆ.