ಮುಯ್ಯಿಯ ಎರಡು ಮುಖ

ಪ್ರಿಯ ಸ್ನೇಹಿತರೇ,

ನಿಮ್ಮ ಕಾಗದ ತಲುಪಿತು. ಪತ್ರಿಕೆಯಲ್ಲಿ ಯಾರೋ ಹಳೇ ದ್ವೇಷಕ್ಕೆ ಮುಯ್ಯಿ ತೀರಿಸಿಕೊಂಡ ಸುದ್ದಿ ಓದಿದಾಗ, ಅಜ್ಜಿ ಮದುವೆಮನೆಗೆ ಹೊರಡುವ ಮುಂಚೆ 'ಮುಯ್ಯಿ ಮಾಡಿ ಬರಬೇಕು' ಎನ್ನುತ್ತಿದ್ದದ್ದು ನೆನಪಾಯಿತು ಎಂದಿದ್ದೀರಿ. ಇವು ಎರಡು ಪದಗಳೋ ಒಂದೇ ಪದವೋ ಎಂಬುದು ನಿಮ್ಮ ಪ್ರಶ್ನೆ. ಒಂದೇ ಪದ. ನನಗೆ ತುಂಬ ಇಷ್ಟವಾದ ಪದವೂ ಹೌದು, ಹಾಗಾಗಿ ಉತ್ತರ ಕೊಂಚ ಉದ್ದವಾದರೆ ಸಹಿಸಿಕೊಳ್ಳಿ.

ಮುಯ್ಯಿ ಎಂದರೆ ಪಡೆದದ್ದಕ್ಕೆ ಪ್ರತಿಯಾಗಿ ಕೊಡುವುದು. ಪಡೆದದ್ದು ಏನು ಎಂಬುದನ್ನು ಪದ ಹೇಳುವುದಿಲ್ಲ. ಉಪಕಾರವಾದರೆ ಉಪಕಾರ, ಏಟಾದರೆ ಏಟು. ಹಳೇ ಮೈಸೂರು ಕಡೆಯ ಮದುವೆಗಳಲ್ಲಿ ಚಪ್ಪರದ ಒಂದು ಮೂಲೆಯಲ್ಲಿ ಪುಸ್ತಕ ಹಿಡಿದು ಒಬ್ಬರು ಕೂರುತ್ತಿದ್ದರು. ಯಾವ ಊರಿನ ಯಾರು ಎಷ್ಟು ಕೊಟ್ಟರು ಎಂದು ಬರೆದುಕೊಳ್ಳುವುದು ಅವರ ಕೆಲಸ. ಅದನ್ನು ಎಲ್ಲರಿಗೂ ಕೇಳುವಂತೆ ಕೂಗುವುದೂ ಇತ್ತು. 'ಮುಯ್ಯಿ ಓದಿಸುವುದು' ಎಂಬ ಮಾತು ಅಲ್ಲಿಯದು. ನಾಳೆ ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕ ತೆರೆದು ನೋಡಿ, ಅಷ್ಟೇ ಅಥವಾ ಒಂದು ಕೈ ಮೇಲೆ ಹಿಂದಿರುಗಿಸಬೇಕು. ತಮಿಳರಲ್ಲೂ ಮದುವೆಯ ಕಾಣಿಕೆಗೆ 'ಮೊಯ್' ಎನ್ನುತ್ತಾರೆ. ಪುದುಕ್ಕೋಟೈ, ತಂಜಾವೂರು ಭಾಗದಲ್ಲಿ ಈ ಮೊಯ್ ಎತ್ತುವುದಕ್ಕೆಂದೇ ಆಷಾಢದಲ್ಲಿ ಊಟ ಹಾಕಿಸುತ್ತಾರೆ, ಮದುವೆಯ ನೆಪವೂ ಬೇಕಿಲ್ಲ.

ಇನ್ನು ಮುಯ್ಯಾಳು. ನಾಟಿಗೋ ಕಳೆಗೋ ಕೊಯ್ಲಿಗೋ ಇವತ್ತು ನಮ್ಮ ಮನೆಯವರು ನಿಮ್ಮ ಗದ್ದೆಗೆ, ನಾಳೆ ನಿಮ್ಮ ಮನೆಯವರು ನಮ್ಮ ಗದ್ದೆಗೆ. ಕೂಲಿಯ ಮಾತಿಲ್ಲ. ಕೈಯಲ್ಲಿ ಕಾಸಿಲ್ಲದ ರೈತ ಮಳೆ ತಪ್ಪುವ ಮೊದಲು ಬೇಸಾಯ ಮುಗಿಸಿಕೊಳ್ಳುತ್ತಿದ್ದದ್ದು ಹೀಗೆ. ನಾಲ್ಕು ಆಳು ಬಂದಿದ್ದರೆ ನಾಲ್ಕು ಆಳು ಹೋಗಲೇಬೇಕು, ಹೋಗದಿದ್ದರೆ ಮುಂದಿನ ವರ್ಷ ಹೋಗದವರ ಗದ್ದೆಗೆ ಯಾರೂ ಇಳಿಯುವುದಿಲ್ಲ.

ಈಗ 'ತೀರಿಸು' ಎಂಬ ನಮ್ಮ ಕ್ರಿಯಾಪದವನ್ನು ಗಮನಿಸಿ. ಸಾಲ ತೀರಿಸುತ್ತೇವೆ, ಋಣ ತೀರಿಸುತ್ತೇವೆ, ಹರಕೆ ತೀರಿಸುತ್ತೇವೆ. ಸೇಡನ್ನೂ ತೀರಿಸಿಕೊಳ್ಳುತ್ತೇವೆ. ಕೋಪಕ್ಕೆ ಹಾಗಿಲ್ಲ, ಅದು ಏರುತ್ತದೆ, ಇಳಿಯುತ್ತದೆ. ಸೇಡು ಮಾತ್ರ ತೀರದ ಬಾಕಿಯಂತೆ ಕೂತಿರುತ್ತದೆ, ಬಡ್ಡಿಯೂ ಬೆಳೆಯುತ್ತದೆ. ಸಂಸ್ಕೃತದ 'ವೈರ'ದ್ದೂ ಇಂಥದೇ ಕಥೆ. ಅದು 'ವೀರ' ಶಬ್ದದಿಂದ ಹುಟ್ಟಿದ್ದು. ವೈದಿಕ ಕಾಲದಲ್ಲಿ ವೀರನೊಬ್ಬನನ್ನು ಕೊಂದದ್ದಕ್ಕೆ ತೆರಬೇಕಾದ ದಂಡಕ್ಕೂ ಆ ಹೆಸರು ಅಂಟಿಕೊಂಡಿತ್ತು. ಆಪಸ್ತಂಬ ಧರ್ಮಸೂತ್ರ ಅದರ ದರವನ್ನೇ ಹೇಳುತ್ತದೆ: ಕ್ಷತ್ರಿಯನನ್ನು ಕೊಂದರೆ 1000 ಹಸು, ವೈಶ್ಯನಿಗೆ 100, ಶೂದ್ರನಿಗೆ 10, ಪ್ರತಿಯೊಂದಕ್ಕೂ ಮೇಲೊಂದು ಹೋರಿ. ಜೀವಕ್ಕೆ ಜಾತಿ ನೋಡಿ ಬೆಲೆ ಕಟ್ಟಿದ ಈ ಪಟ್ಟಿ ಓದಿದರೆ ಮನಸ್ಸು ಕುದಿಯುತ್ತದೆ. ಆದರೂ ಹಸು ಕೊಡುವ ಉದ್ದೇಶಕ್ಕೆ ಅಲ್ಲಿರುವ ಹೆಸರು 'ವೈರಯಾತನ', ಎಂದರೆ ವೈರವನ್ನು ತೀರಿಸುವುದು. ರಕ್ತಕ್ಕೆ ರಕ್ತ ಬೀಳುವ ಮೊದಲೇ ಲೆಕ್ಕ ಮುಗಿಸುವ ದಾರಿ ಹುಡುಕಿದ್ದರು.

ಸೇಡಿನ ಸಾಲಿಗೇ ಸೇರುವ ಇನ್ನೆರಡು ಪದಗಳಲ್ಲಿ ಜಿದ್ದು ಅರಬ್ಬಿಯಿಂದ ಬಂದದ್ದು. ಹಗೆ ನಮ್ಮದೇ ಹಳೆಯ 'ಪಗೆ', ತುಳುವಿನಲ್ಲಿ ಇಂದಿಗೂ ಪಗೆಯಾಗಿಯೇ ಉಳಿದಿದೆ. ಇವೆರಡಕ್ಕೂ ಒಳ್ಳೆಯ ಮುಖವಿಲ್ಲ. ಅದಕ್ಕೇ ನನ್ನ ಮನಸ್ಸು ಮತ್ತೆ ಮುಯ್ಯಿಗೇ ಮರಳುತ್ತದೆ.

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ನೀವು ನೋಡಿದ್ದೀರಿ. ಕ್ರಿ.ಶ. 700ರ ಆಸುಪಾಸಿನ ಆ ತ್ರಿಪದಿಯಲ್ಲಿ ಅವನ ಗುಣಗಾನವೆಲ್ಲ ಇದೇ ಲೆಕ್ಕದ್ದು: ಒಳ್ಳೆಯವನಿಗೆ ಒಳ್ಳೆಯವನು, ಸವಿಯಾದವನಿಗೆ ಸವಿ, ಬಾಧಿಸುವವನಿಗೆ ಮಾತ್ರ ಕಠಿಣ. ಅದೇ ಬಾದಾಮಿಗೆ ಅದಕ್ಕೂ ಮೊದಲೇ ದೊಡ್ಡ ಏಟು ಬಿದ್ದಿತ್ತು. 642ರಲ್ಲಿ ಪಲ್ಲವರ ಒಂದನೆಯ ನರಸಿಂಹವರ್ಮ ಚಾಲುಕ್ಯರ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ, ಅವನ ರಾಜಧಾನಿಯಾಗಿದ್ದ ಈ ಊರನ್ನು ಹಿಡಿದ. 'ವಾತಾಪಿಕೊಂಡ', ಅಂದರೆ ಬಾದಾಮಿಯನ್ನು ಗೆದ್ದವನು, ಎಂಬ ಬಿರುದು ಧರಿಸಿ, ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನ ಕೊರೆಸಿದ. ಪುಲಕೇಶಿಯ ಮಗ ಊರನ್ನು ಮರಳಿ ಗೆದ್ದನಾದರೂ ಎರಡು ವಂಶಗಳ ಹಗೆ ತಲೆಮಾರುಗಳವರೆಗೆ ಆರಲಿಲ್ಲ.

ಸುಮಾರು ನೂರು ವರ್ಷದ ಮೇಲೆ ಪುಲಕೇಶಿಯ ಮರಿಮಗನ ಮಗ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಯನ್ನು ಗೆದ್ದು ಒಳಹೊಕ್ಕ. ಅವನು ಊರನ್ನು ಸುಟ್ಟಿದ್ದರೂ ಆ ಕಾಲದ ಯಾರೂ ಅಚ್ಚರಿಪಡುತ್ತಿರಲಿಲ್ಲ. ಅವನು ಮಾಡಿದ್ದೇನು ಗೊತ್ತೇ? ಪಲ್ಲವರು ಕಟ್ಟಿಸಿದ್ದ ರಾಜಸಿಂಹೇಶ್ವರ, ಅಂದರೆ ಈಗಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟ. ಊರನ್ನು ಹಾಳುಮಾಡಲಿಲ್ಲ, ದಿಕ್ಕಿಲ್ಲದವರಿಗೆ ದಾನ ಕೊಟ್ಟ ಎಂದು ಅವನ ಮಗನ ಕೆಂದೂರು ತಾಮ್ರಪಟ ಹೇಳುತ್ತದೆ. ಆ ದೇವಾಲಯದ ಕಂಬದ ಮೇಲೆ ಅವನು ಕೊರೆಸಿದ ಶಾಸನ ಕನ್ನಡದ್ದು. ಬಾದಾಮಿಯಲ್ಲಿ ಪಲ್ಲವರ ಬರಹಕ್ಕೆ ಕಂಚಿಯಲ್ಲಿ ಕನ್ನಡದ ಬರಹ! ತಾಮ್ರಪಟಗಳಲ್ಲಿ ಹೊಗಳಿಕೆ ಇದ್ದೇ ಇರುತ್ತದೆ, ಒಪ್ಪುತ್ತೇನೆ. ಆದರೆ ಆ ಗುಡಿ ಇಂದಿಗೂ ನಿಂತಿದೆ. ಅವನ ರಾಣಿ ಲೋಕಮಹಾದೇವಿ ಕಂಚಿಯ ವಿಜಯದ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರ, ನಾವೀಗ ವಿರೂಪಾಕ್ಷ ಎನ್ನುವ ಗುಡಿಯಲ್ಲಿ, ಕಂಚಿಯ ಆ ದೇವಾಲಯದ ಛಾಯೆ ಸ್ಪಷ್ಟವಾಗಿ ಕಾಣುತ್ತದೆ. ವಿಕ್ರಮಾದಿತ್ಯ ಕಂಚಿಯಲ್ಲಿ ನಡೆದುಕೊಂಡ ರೀತಿಯನ್ನು ನಾನು ಮುಯ್ಯಿ ಎಂದೇ ಓದುತ್ತೇನೆ. ನಿಮ್ಮಜ್ಜಿಯ ಅರ್ಥ, ಪತ್ರಿಕೆಯವರ ಅರ್ಥ, ಎರಡೂ ಕೂಡಿದ ಮುಯ್ಯಿ.

ನನ್ನ ಸಂಕಟ ಬೇರೆ ಇದೆ. ಆಮಂತ್ರಣ ಪತ್ರಿಕೆಗಳು 'ಆಶೀರ್ವಾದವೇ ಉಡುಗೊರೆ' ಎನ್ನತೊಡಗಿ ಮದುವೆಯ ಮುಯ್ಯಿ ಕಡಿಮೆಯಾಯಿತು. ದಿನಗೂಲಿ, ನಾಟಿಯಂತ್ರಗಳು ಬಂದು ಮುಯ್ಯಾಳು ಸವೆಯಿತು. ಅಚ್ಚಿನಲ್ಲಿ ಹೆಚ್ಚಾಗಿ ಉಳಿದಿರುವುದು ಕೊಲೆ, ಹೊಡೆದಾಟಗಳ ವರದಿಯ ಮುಯ್ಯಿ. ಪಟ್ಟಣದಲ್ಲಿ ಬೆಳೆದ ಮಗು ಈ ಪದವನ್ನು ಮೊದಲು ಕೇಳುವುದೇ ಅಲ್ಲಿ. ಅರ್ಧ ಅರ್ಥವನ್ನಷ್ಟೇ ಆ ಮಗುವಿಗೆ ಕೊಡುತ್ತಿದ್ದೇವಲ್ಲ ಎಂದು ನನಗೆ ನಿಜಕ್ಕೂ ನೋವಾಗುತ್ತದೆ. ನೀವು ಮಕ್ಕಳಿಗೆ ಪಾಠ ಹೇಳುವವರು, 'ಮುಯ್ಯಿಗೆ ಮುಯ್ಯಿ' ಬಂದಾಗ ಮುಯ್ಯಾಳಿನ ಕಥೆಯನ್ನೂ ಹೇಳಿ.

ಕಂಚಿಗೆ ಹೋಗುವ ಯೋಚನೆ ಇದೆ ಎಂದಿದ್ದಿರಿ. ಕೈಲಾಸನಾಥದಲ್ಲಿ ಆ ಕನ್ನಡ ಶಾಸನವನ್ನು ಕೇಳಿ ನೋಡಿ ಬನ್ನಿ. ಹಾಗೆಯೇ, ನಿಮ್ಮ ಸೀಮೆಯಲ್ಲಿ ಮುಯ್ಯಾಳಿಗೆ ಬೇರೆ ಹೆಸರಿದ್ದರೆ ಮುಂದಿನ ಕಾಗದದಲ್ಲಿ ಬರೆಯಿರಿ, ನಾನು ಇಂಥ ಪದಗಳನ್ನು ಕೂಡಿಡುತ್ತಿದ್ದೇನೆ.

ನಿಮ್ಮ ವಿಶ್ವಾಸಿ